ಅಳಿವೆಯ ಸ್ವಯಂನಿಯಂತ್ರಣ: ಮಂಗಳೂರಿನ ಬಂದರ್

ನದಿ ಕಡಲು ಸೇರುವ ಬಾಗಿಲು ತನ್ನ ಅಗಲವನ್ನೂ ಆಳವನ್ನೂ ತಾನೇ ಒಂದು ಮಿತಿಯಲ್ಲಿ ಇಟ್ಟುಕೊಳ್ಳುವುದಕ್ಕೆ ಅಳಿವೆಯ ಸ್ವಯಂನಿಯಂತ್ರಣ ಎನ್ನಬಹುದು. ಇದರ ಮೂಲದಲ್ಲಿರುವುದು ಋಣಾತ್ಮಕ ಹಿಮ್ಮಾಹಿತಿ, ಅಂದರೆ ಯಾವುದೇ ಬದಲಾವಣೆ ತನ್ನನ್ನೇ ತಗ್ಗಿಸುವಂಥ ಪರಿಣಾಮ ಹುಟ್ಟಿಸುವುದು. ಭೂಮಿಯ ಹವೆ, ನೀರು, ನೆಲ ಬಹುಮಟ್ಟಿಗೆ ಹದದಲ್ಲಿ ಉಳಿದಿರುವುದು ಇಂಥ ಕ್ರಿಯೆಗಳಿಂದ. ಕರ್ನಾಟಕದ ಕರಾವಳಿಯಲ್ಲಿ ಇದನ್ನು ಕಣ್ಣಾರೆ ನೋಡಲು ಮಂಗಳೂರಿನ ಬಂದರ್, ಅಂದರೆ ಹಳೆ ಬಂದರು, ತಕ್ಕ ಜಾಗ.

ಬಂದರ್ ತೆರೆದ ಕಡಲಿಗೆ ಮುಖಮಾಡಿಲ್ಲ. ಅದು ಗುರುಪುರ ನದಿಯ ಅಂದರೆ ಫಲ್ಗುಣಿಯ ಪೂರ್ವದಂಡೆಯಲ್ಲಿದೆ. ಎದುರಿಗೆ ಬೆಂಗ್ರೆಯ ಮರಳಪಟ್ಟಿ ಕಡಲನ್ನು ಮರೆಮಾಡಿ ನಿಂತಿದೆ. ದಕ್ಷಿಣದಿಂದ ಉಳ್ಳಾಲದ ಕೋಟೆಪುರ ಚಾಚಿಕೊಂಡಿದೆ. ಇವೆರಡರ ನಡುವಿನ ಒಂದೇ ಅಳಿವೆಬಾಗಿಲಿನಿಂದ ನೇತ್ರಾವತಿಯೂ ಗುರುಪುರವೂ ಅರಬ್ಬಿ ಸಮುದ್ರಕ್ಕೆ ಇಳಿಯುತ್ತವೆ.

ದಡದುದ್ದಕ್ಕೂ ಅಲೆಗಳು ಹೊತ್ತು ತರುವ ಮರಳು ಈ ಬಾಗಿಲನ್ನು ಮುಚ್ಚುತ್ತ ಬರುತ್ತದೆ. ಬಾಗಿಲು ಕಿರಿದಾದಷ್ಟೂ ಉಬ್ಬರ ಇಳಿತಗಳ ನೀರು ಇಕ್ಕಟ್ಟಿನಲ್ಲಿ ನುಗ್ಗಬೇಕಾಗುತ್ತದೆ. ಸೆಳೆತ ಬಿರುಸಾಗಿ ತಳದ ಮರಳನ್ನು ಕೊರೆದು ಹೊರಗೆ ಎಸೆಯುತ್ತದೆ. ಬಾಗಿಲು ಅತಿಯಾಗಿ ಅಗಲವಾದರೆ ಹರಿವು ಮಂದವಾಗಿ ಮತ್ತೆ ಹೂಳು ಕೂರುತ್ತದೆ. ವರ್ಷಕ್ಕೆ 3,500 ಮಿ.ಮೀ. ಮೀರುವ ಇಲ್ಲಿನ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದರಿಂದ ನೆರೆಯ ನೀರೂ ಮರಳು ಕೊರೆಯುವ ಕೆಲಸಕ್ಕೆ ಕೈಜೋಡಿಸುತ್ತದೆ. ಪಕ್ಕದ ಕಡಲತಡಿಯಲ್ಲೂ ಇಂಥದೇ ಹೊಂದಾಣಿಕೆಯಿದೆ. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಕಡಲಿಗೆ ಎಳೆದು ನೀರಿನಡಿ ದಿಬ್ಬ ಕಟ್ಟುತ್ತವೆ. ಮುಂದೆ ಬರುವ ಅಲೆಗಳು ಆ ದಿಬ್ಬಕ್ಕೆ ಬಡಿದು ದೂರದಲ್ಲೇ ಒಡೆಯುವುದರಿಂದ ದಡದ ಮೇಲಿನ ಹೊಡೆತ ತಗ್ಗುತ್ತದೆ. ಕಡಲು ಶಾಂತವಾದ ಮೇಲೆ ಮರಳು ಮೆಲ್ಲಗೆ ದಡಕ್ಕೆ ಮರಳುತ್ತದೆ.

ಈ ನಿಯಂತ್ರಣಕ್ಕೂ ಒಂದು ಎಲ್ಲೆಯುಂಟು. ಬಾಗಿಲು ತೀರಾ ಸಣ್ಣದಾದರೆ ತಳದ ಘರ್ಷಣೆಯೇ ಹೆಚ್ಚಾಗಿ ಸೆಳೆತ ಸೋಲುತ್ತದೆ, ಅಳಿವೆ ಮುಚ್ಚಿಹೋಗುತ್ತದೆ. ಕರಾವಳಿಯ ಎಷ್ಟೋ ಸಣ್ಣ ಹೊಳೆಗಳ ಬಾಯಿ ಬೇಸಿಗೆಯಲ್ಲಿ ಕಟ್ಟಿ, ಮಳೆ ಬಂದಾಗ ಒಡೆಯುವುದು ಇದರಿಂದಲೇ.

ನಾವಿಕರಿಗೆ ಈ ಬಾಗಿಲಿನ ಮರ್ಜಿ ಹಳೆಯ ಪರಿಚಯ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಇಲ್ಲಿನ ವಿಶಾಲ ಅಳಿವೆಯನ್ನೂ ಪರ್ಷಿಯಾ, ಯೆಮೆನ್‌ಗಳ ವರ್ತಕರನ್ನೂ ಕಂಡು ಬರೆದ. ಉಗಿಹಡಗುಗಳ ಕಾಲದಲ್ಲಿ ದೊಡ್ಡ ಹಡಗುಗಳು ಹೊರಗಡಲಲ್ಲೇ ಲಂಗರು ಹಾಕುತ್ತಿದ್ದವು. ಕಾಫಿ, ಹೆಂಚುಗಳನ್ನು ಬಂದರ್‌ನಿಂದ ದೋಣಿಗಳಲ್ಲಿ ಅಲ್ಲಿಗೆ ಒಯ್ಯುತ್ತಿದ್ದರು. ಮಳೆಗಾಲದಲ್ಲಿ ವ್ಯವಹಾರ ನಿಲ್ಲುತ್ತಿತ್ತು.

ಇಂಥ ಸ್ವಯಂನಿಯಂತ್ರಣದ ಗಣಿತ ಬೇರೆಡೆ ಹುಟ್ಟಿತು. ಉಗಿಯಂತ್ರದ ವೇಗ ನಿಯಂತ್ರಕಗಳ ಬಗ್ಗೆ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಪ್ರಬಂಧ ಬರೆದ. ಅಳಿವೆಯ ಅಡ್ಡಕೊಯ್ತಕ್ಕೂ ಅದರ ಮೂಲಕ ಹಾಯುವ ಉಬ್ಬರದ ನೀರಿಗೂ ಇರುವ ಸಂಬಂಧವನ್ನು ಅಮೆರಿಕದ ಎಂಜಿನಿಯರ್ ಓಬ್ರಯನ್ 1931ರಲ್ಲಿ ತೋರಿಸಿದರು. 1940ರಲ್ಲಿ ಎಸ್ಕೋಫಿಯೆ ಅಳಿವೆಯ ಸ್ಥಿರ, ಅಸ್ಥಿರ ಸ್ಥಿತಿಗಳನ್ನು ಒಂದೇ ವಕ್ರರೇಖೆಯಲ್ಲಿ ಬಿಡಿಸಿಟ್ಟರು.

ಈ ಅಳಿವೆಯಲ್ಲಿ ಹಾಯುವ ನದಿನೀರು ಇನ್ನೊಂದು, ಬಹಳ ನಿಧಾನವಾದ ನಿಯಂತ್ರಣದ ಭಾಗವೂ ಹೌದು. ಮಳೆಯಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಘಟ್ಟದ ಸಿಲಿಕೇಟ್ ಶಿಲೆಗಳನ್ನು ಕರಗಿಸಿ, ಬೈಕಾರ್ಬೊನೇಟ್ ಆಗಿ ನದಿ ಸೇರಿ, ಕೊನೆಗೆ ಕಡಲ ತಳದಲ್ಲಿ ಸುಣ್ಣಕಲ್ಲಾಗುತ್ತದೆ. ಭೂಮಿ ಬಿಸಿಯಾದರೆ ಈ ಕ್ರಿಯೆ ಚುರುಕಾಗಿ ಅನಿಲ ತಗ್ಗುತ್ತದೆ, ತಣಿದರೆ ಕುಂಟುತ್ತದೆ. ವಾಕರ್, ಹೇಯ್ಸ್, ಕಾಸ್ಟಿಂಗ್ 1981ರಲ್ಲಿ ಮಂಡಿಸಿದ ವಾದವಿದು. ನೇತ್ರಾವತಿ ಜಲಾನಯನದಲ್ಲಿ ಸಿಲಿಕೇಟ್ ಶಿಥಿಲೀಕರಣ ತೀವ್ರವಾಗಿದೆಯೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಈ ಜಿಲ್ಲೆಯ ಮನೆಗಳ ಮುರಕಲ್ಲೂ, 1865ರಲ್ಲಿ ಬಾಸೆಲ್ ಮಿಶನ್ ಶುರುಮಾಡಿದ ಹೆಂಚಿನ ಉದ್ಯಮಕ್ಕೆ ಒದಗಿದ ಜೇಡಿಮಣ್ಣೂ ಇಂಥ ಶಿಥಿಲೀಕರಣದ ಫಲವೇ. ಆದರೆ ಈ ಕ್ರಿಯೆಗೆ ಲಕ್ಷಾಂತರ ವರ್ಷ ಬೇಕು. ನಾವು ಒಂದೆರಡು ಶತಮಾನದಲ್ಲಿ ಸುಟ್ಟ ಕಲ್ಲಿದ್ದಲು, ಎಣ್ಣೆಯ ಲೆಕ್ಕವನ್ನು ಅದು ತೀರಿಸೀತೆಂದು ನೆಚ್ಚಿಕೊಳ್ಳುವುದು ದೊಡ್ಡ ತಪ್ಪು.

ಮತ್ತೆ ಬಂದರ್‌ಗೆ ಬರೋಣ. ಪಣಂಬೂರಿನಲ್ಲಿ ನೆಲ ಅಗೆದು ಕಟ್ಟಿದ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ಹಳೆ ಬಂದರಿಗೆ ಉಳಿದದ್ದು ಮೀನುಗಾರಿಕೆ ಮತ್ತು ಮಂಜಿ ಎಂಬ ಸರಕು ದೋಣಿಗಳ ಲಕ್ಷದ್ವೀಪ ವ್ಯಾಪಾರ. ಹೂಳು ತುಂಬಿದ ಅಳಿವೆಬಾಗಿಲು ದೋಣಿಗಳಿಗೆ ಪ್ರಾಣಾಂತಕವಾಗಬಲ್ಲದು. ಅದನ್ನು ತಪ್ಪಿಸಲು 1990ರ ದಶಕದಲ್ಲಿ ಬಾಗಿಲಿನ ಎರಡೂ ಬದಿಗೆ ಕಲ್ಲಿನ ಬ್ರೇಕ್‌ವಾಟರ್‌ಗಳನ್ನು ಕಟ್ಟಲಾಯಿತು. ಧಕ್ಕೆಯನ್ನು, ಅಂದರೆ ದೋಣಿಕಟ್ಟೆಯನ್ನು, ನಂಬಿದವರು ಇಂಥ ರಕ್ಷಣೆ ಬೇಡಿದ್ದು ನ್ಯಾಯವಾದದ್ದೇ. ಆದರೆ ಗೋಡೆಗಳು ಬಾಗಿಲನ್ನು ಒಂದೆಡೆ ಬಿಗಿದವು, ಮರಳಿನ ಸಂಚಾರವನ್ನು ತಡೆದವು. ದಕ್ಷಿಣದ ಉಳ್ಳಾಲದಲ್ಲಿ ಕಡಲ್ಕೊರೆತ ತೀವ್ರವಾಗಿ ಮನೆ, ತೆಂಗಿನ ತೋಟ, ರಸ್ತೆಗಳು ನೀರುಪಾಲಾದವು. ನದಿಯ ಮೇಲ್ಭಾಗದಿಂದ ಬರಬೇಕಾದ ಮರಳಿಗೆ ಅಣೆಕಟ್ಟು, ಮರಳುಗಾರಿಕೆ ಅಡ್ಡ ಬಂದವು. ಮರಳೂ ಇಲ್ಲದೆ, ಸರಿದಾಡಲು ಜಾಗವೂ ಇಲ್ಲದೆ ಯಾವ ದಡವೂ ತನ್ನನ್ನು ಸರಿಪಡಿಸಿಕೊಳ್ಳಲಾರದು.

ದಡಕ್ಕೆ ಕಲ್ಲು ಸುರಿದು ತಡೆಯುವ ಯತ್ನ ವರ್ಷವರ್ಷವೂ ನಡೆಯಿತು. 2010ರ ದಶಕದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆ ಬೇರೆ ದಾರಿ ಹಿಡಿಯಿತು. ಉಳ್ಳಾಲದ ಎದುರು ನೀರಿನಡಿ ಕೃತಕ ದಿಬ್ಬಗಳನ್ನು ನಿರ್ಮಿಸಿ, ಅಲೆಗಳನ್ನು ದೂರದಲ್ಲೇ ಒಡೆಯುವ ಕೆಲಸವನ್ನು ಅವಕ್ಕೆ ವಹಿಸಲಾಯಿತು. ಬ್ರೇಕ್‌ವಾಟರ್‌ಗಳನ್ನೂ ದುರಸ್ತಿ ಮಾಡಲಾಯಿತು.