ಒಳಬರಲು ಬಾಗಿಲುಂಟು, ಹೊರಹೋಗಲು ಇಲ್ಲ

ರಕ್ತದಲ್ಲಿ ಕಬ್ಬಿಣವಿದೆಯೆಂದು 18ನೆಯ ಶತಮಾನದಲ್ಲೇ ಗೊತ್ತಿತ್ತು. ಇಟಲಿಯ ಮೆಂಗಿನಿ ರಕ್ತವನ್ನು ಸುಟ್ಟು, ಉಳಿದ ಬೂದಿಯ ಕಣಗಳನ್ನು ಅಯಸ್ಕಾಂತದಿಂದ ಎತ್ತಿ ತೋರಿಸಿದ್ದ. ಆದರೆ ನುಂಗಿದ ಕಬ್ಬಿಣ ರಕ್ತವನ್ನು ಸೇರುತ್ತದೆಯೆ? ಜಗಳ ಶುರುವಾದದ್ದು ಇಲ್ಲಿ.

ಆಗ ಯುರೋಪಿನ ಹದಿಹರೆಯದ ಹುಡುಗಿಯರನ್ನು ಕ್ಲೋರೋಸಿಸ್ ಎಂಬ ರಕ್ತಹೀನತೆ ಕಾಡುತ್ತಿತ್ತು. ಮುಖ ಬಿಳಿಚಿಕೊಳ್ಳುತ್ತಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಫ್ರಾನ್ಸಿನ ವೈದ್ಯ ಪಿಯರ್ ಬ್ಲೋ 1832ರಲ್ಲಿ ಪ್ರಕಟಿಸಿದ ಕಬ್ಬಿಣದ ಗುಳಿಗೆಗಳಿಂದ ಅನೇಕರು ಚೇತರಿಸಿಕೊಂಡಿದ್ದರು. ಆದರೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಗುಸ್ತಾಫ್ ಫಾನ್ ಬುಂಗೆ, ಇಂಥ ನಿರವಯವ ಕಬ್ಬಿಣವನ್ನು ಕರುಳು ಹೀರುವುದೇ ಇಲ್ಲ ಎಂದರು. ಅದು ಕರುಳಿನಲ್ಲಿರುವ ಸಲ್ಫೈಡನ್ನು ಹಿಡಿದಿಟ್ಟು ಆಹಾರದ ಕಬ್ಬಿಣವನ್ನು ಕಾಪಾಡುತ್ತದೆ, ಅಷ್ಟೇ ಎಂಬುದು ಅವರ ವಾದ. ದೊಡ್ಡ ವಿದ್ವಾಂಸರ ಮಾತು. ಅಗ್ಗದ ಗುಳಿಗೆಯ ಮೇಲೆ ಅನುಮಾನ ಮೂಡಿತು.

ಸ್ಕಾಟ್ಲೆಂಡಿನ ರಾಲ್ಫ್ ಸ್ಟಾಕ್‌ಮನ್ 1893ರಲ್ಲಿ ಇದಕ್ಕೆ ಸರಳ ಉಪಾಯ ಹೂಡಿದರು. ಜಠರದಲ್ಲಿ ಕರಗದ ಕವಚದಲ್ಲಿ ಕಬ್ಬಿಣದ ಸಲ್ಫೈಡನ್ನೇ ಇಟ್ಟು ರೋಗಿಗಳಿಗೆ ನುಂಗಿಸಿದರು. ಅದು ಮೊದಲೇ ಸಲ್ಫೈಡ್. ಮತ್ತಷ್ಟು ಸಲ್ಫೈಡನ್ನು ಹಿಡಿಯಲಾರದು. ಆದರೂ ಹಿಮೋಗ್ಲೋಬಿನ್ ಏರಿತು! ಸಲ್ಫೈಡನ್ನು ಹಿಡಿಯಬಲ್ಲ ಬಿಸ್ಮತ್ ಕೊಟ್ಟಾಗ ಏರಲಿಲ್ಲ. ಬುಂಗೆಯ ವಾದ ಬಿತ್ತು. ಇಷ್ಟು ಅಚ್ಚುಕಟ್ಟಾದ ಪ್ರಯೋಗ ವೈದ್ಯಕೀಯದಲ್ಲಿ ಅಪರೂಪ.

ಒಳಬಂದದ್ದು ಹೊರಹೋಗುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು 1937ರಲ್ಲಿ, ಇಂಗ್ಲೆಂಡಿನ ಮೆಕ್ಯಾನ್ಸ್ ಮತ್ತು ಎಲ್ಸಿ ವಿಡೋಸನ್ ಅವರಿಂದ. ಕೆಂಪು ರಕ್ತಕಣಗಳು ಅತಿಯಾಗಿದ್ದ ರೋಗಿಗಳಲ್ಲಿ ಔಷಧಿಯಿಂದ ಆ ಕಣಗಳು ಒಡೆದವು. ಬಿಡುಗಡೆಯಾದ ಕಬ್ಬಿಣ ಮಲಮೂತ್ರಗಳಲ್ಲಿ ಕಾಣಲೇ ಇಲ್ಲ. ದೇಹಕ್ಕೆ ಅದನ್ನು ಹೊರಹಾಕುವ ವ್ಯವಸ್ಥೆಯೇ ಇಲ್ಲ, ನಿಯಂತ್ರಣವೆಲ್ಲ ಕರುಳಿನ ಬಾಗಿಲಲ್ಲಿ ಎಂದು ಅವರು ತೀರ್ಮಾನಿಸಿದರು. ಅದೇ ವರ್ಷ ಲೌಫ್‌ಬರ್ಗರ್ ಕುದುರೆಯ ಗುಲ್ಮದಿಂದ ಫೆರಿಟಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಇದು ಕಬ್ಬಿಣದ ಕಣಜ. ಒಂದು ಅಣುವಿನಲ್ಲಿ ಸುಮಾರು 4,500 ಕಬ್ಬಿಣದ ಪರಮಾಣುಗಳು ಹಿಡಿಸುತ್ತವೆ.

ವಯಸ್ಕರ ದೇಹದಲ್ಲಿರುವ ಕಬ್ಬಿಣ 3-4 ಗ್ರಾಂ ಮಾತ್ರ. ಹೊಸ ರಕ್ತಕ್ಕೆ ದಿನಕ್ಕೆ ಬೇಕಾದ 20-25 ಮಿಲಿಗ್ರಾಂನ ಬಹುಪಾಲು ಹಳೆಯ ರಕ್ತಕಣಗಳಿಂದಲೇ ದೊರೆಯುತ್ತದೆ. ಕರುಳು ಹೀರುವುದು 1-2 ಮಿಲಿಗ್ರಾಂ. ಬಾಗಿಲು ಕಾಯುವುದು ಯಕೃತ್ತು ಸ್ರವಿಸುವ ಹೆಪ್ಸಿಡಿನ್ ಹಾರ್ಮೋನು ಎಂದು ತಿಳಿದದ್ದು 2000ದ ನಂತರವೇ.

ಥಲಸ್ಸೀಮಿಯಾ ಇರುವ ಮಕ್ಕಳಿಗೆ ಮತ್ತೆ ಮತ್ತೆ ರಕ್ತ ಕೊಡಬೇಕಾಗುತ್ತದೆ. ಒಂದು ಬಾಟಲಿ ರಕ್ತದಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣವಿದ್ದು, ಅದು ಕರುಳಿನ ಕಾವಲನ್ನು ದಾಟದೆ ನೇರ ರಕ್ತಕ್ಕೇ ಬರುತ್ತದೆ. ಹೃದಯ, ಯಕೃತ್ತುಗಳಲ್ಲಿ ಕೂಡುವ ಆ ಹೊರೆಯನ್ನು ಹಿಡಿದು ಹೊರಗೆ ಸಾಗಿಸಲು ಅವರಿಗೆ ಬೇರೆಯೇ ಔಷಧಿ ಬೇಕು.