ಆಮ್ಲಜನಕ ಸೆನ್ಸರಿನ ಸಾಕ್ಷ್ಯವೂ ೧೪.೭ ಎಂಬ ಸಂಖ್ಯೆಯೂ

ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಶಾಸನವು ಒಂದೇ ಕಾಲವನ್ನು ಎರಡು ಸಂಖ್ಯೆಗಳಿಂದ ಸೂಚಿಸುತ್ತದೆ: ಕೀರ್ತಿವರ್ಮನ ಆಳಿಕೆಯ ೧೨ನೆಯ ವರ್ಷ, ಶಕವರ್ಷ ೫೦೦. ಹುನಗುಂದದ ಸೀಮೆಯ ಐಹೊಳೆಯಲ್ಲಿ, ಮೇಗುತಿಯ ಗುಡಿಯ ಶಾಸನದಲ್ಲಿ, ರವಿಕೀರ್ತಿಯು ಭಾರತಯುದ್ಧದಿಂದ ೩೭೩೫, ಶಕರಾಜರ ಕಾಲದಿಂದ ೫೫೬ ಎಂದು ಎರಡು ಲೆಕ್ಕಗಳನ್ನು ಕೊಟ್ಟಿರುವನು. ಯಾವ ಗಣನೆಯೆಂಬುದನ್ನು ಬಿಟ್ಟು ಬರಿಯ ಸಂಖ್ಯೆಯನ್ನು ಎತ್ತಿಕೊಂಡರೆ ಕಾಲನಿರ್ಣಯವು ಕೆಡುವುದೆಂದು ವಾಚಕರಿಗೆ ಹೇಳಬೇಕಾದುದಿಲ್ಲ. ಪೆಟ್ರೋಲ್ ಎಂಜಿನ್ನಿನ ಚರಿತ್ರೆಯಲ್ಲಿಯೂ ಇದೇ ಎಚ್ಚರಿಕೆಯು ಅವಶ್ಯವೆಂದು ತೋರಿಸುವುದೇ ಈ ಲೇಖನದ ಉದ್ದೇಶವು. ಒಂದು ಭಾಗ ಇಂಧನಕ್ಕೆ ತೂಕದಲ್ಲಿ ೧೪.೭ ಭಾಗ ಗಾಳಿ ಇರತಕ್ಕದ್ದೆಂಬ ಮಾತು ಸೂತ್ರದಂತೆ ಪ್ರಚಾರದಲ್ಲಿದೆ. ಆ ಸಂಖ್ಯೆಯು ಯಾವ ಗಣನೆಗೆ ಸೇರಿದ್ದೆಂಬುದನ್ನು ಕೇಳುವವರು ವಿರಳ.

ಮೊದಲು ಈ ಪ್ರಮಾಣವನ್ನು ಅಳೆಯುವ ಸಾಧನವು ಕುಶಲಕರ್ಮಿಯ ಕಣ್ಣೇ ಆಗಿತ್ತು. ೧೯೫೧ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಕೋ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗುಗಳು ನಾಡಿನೆಲ್ಲೆಡೆ ಬಳಕೆಗೆ ಬಂದುವು. ಆ ಪ್ಲಗ್ಗನ್ನು ಕಳಚಿ ನೋಡಿ, ಮಸಿ ಹಿಡಿದಿದ್ದರೆ ಇಂಧನ ಹೆಚ್ಚೆಂದೂ, ಬೆಳ್ಳಗೆ ಸುಟ್ಟಿದ್ದರೆ ಗಾಳಿ ಹೆಚ್ಚೆಂದೂ, ಕಂದುಬಣ್ಣವಿದ್ದರೆ ಸರಿಯೆಂದೂ ತಿಳಿದು ಕಾರ್ಬುರೇಟರಿನ ತಿರುಪನ್ನು ತಿರುಗಿಸುತ್ತಿದ್ದರು. ಈ ವಿದ್ಯೆಯು ನಿಜವಾದುದೇ; ಆದರೆ ಅದು ಆಗಿಹೋದುದನ್ನು ಹೇಳುವುದಲ್ಲದೆ ಆಗುತ್ತಿರುವುದನ್ನು ಹೇಳಲಾರದು.

ಹೊಸ ಸಾಧನದ ಮೂಲವು ಜರ್ಮನಿಯಲ್ಲಿದೆ. ಒಂದು ಪೊರೆಯ ಎರಡು ಮಗ್ಗುಲಲ್ಲಿ ಒಂದು ವಸ್ತುವಿನ ಸಾಂದ್ರತೆ ಬೇರೆಬೇರೆಯಾಗಿದ್ದರೆ ಅಲ್ಲಿ ಹುಟ್ಟುವ ವಿದ್ಯುತ್ ಒತ್ತಡದ ಲೆಕ್ಕವನ್ನು ವಾಲ್ಟರ್ ನೆರ್ನ್‌ಸ್ಟನು ೧೮೮೯ರಲ್ಲಿ ಪ್ರಕಟಿಸಿದನು. ಕಾಯಿಸಿದ ಜಿರ್ಕೋನಿಯವು ವಿದ್ಯುತ್ತನ್ನು ಹರಿಯಗೊಡುವುದೆಂಬುದನ್ನೂ ಆತನೇ ಆ ಶತಮಾನದ ಕೊನೆಯಲ್ಲಿ ತನ್ನ ದೀಪಕ್ಕೆ ಬಳಸಿದನು. ಈ ಎರಡನ್ನೂ ಕೂಡಿಸಿ ಬಾಷ್ ಸಂಸ್ಥೆಯು ಮಾಡಿದ ಆಮ್ಲಜನಕ ಸೆನ್ಸರ್ ೧೯೭೬ರಲ್ಲಿ ವೋಲ್ವೋ ಕಾರುಗಳಲ್ಲಿ ಮೊದಲಿಗೆ ಮಾರಾಟಕ್ಕೆ ಬಂದಿತು. ಸೀಸವು ಇಂಥ ಸೆನ್ಸರನ್ನೂ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸುವುದು. ಆದುದರಿಂದ, ೨೦೦೦ದ ಫೆಬ್ರುವರಿಯಲ್ಲಿ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲು ದೊರೆಯುವ ತನಕ ಬಾಗಲಕೋಟೆಯಂಥ ಊರುಗಳಿಗೆ ಈ ವಿದ್ಯೆ ಬರುವ ದಾರಿಯೇ ತೆರೆದಿರಲಿಲ್ಲ. ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ೬ ನಿಯಮವು ಜಾರಿಗೆ ಬಂದ ಮೇಲೆ ಬೈಕುಗಳ ಹೊಗೆಕೊಳವೆಯಲ್ಲಿಯೂ ಸೆನ್ಸರು ಸಾಮಾನ್ಯವಾಯಿತು.

ಆದರೆ ಆ ಮೊದಲ ಬಗೆಯ ಸೆನ್ಸರು, ಈಗಲೂ ಬಹು ವಾಹನಗಳಲ್ಲಿರುವುದು, ಎರಡೇ ಮಾತುಗಳನ್ನು ಬಲ್ಲದು. ಇಂಧನ ಹೆಚ್ಚಾದರೆ ಸುಮಾರು ೦.೯ ವೋಲ್ಟ್, ಗಾಳಿ ಹೆಚ್ಚಾದರೆ ಸುಮಾರು ೦.೧ ವೋಲ್ಟ್, ಎಷ್ಟು ಹೆಚ್ಚೆಂಬುದನ್ನು ಅದು ಸರಿಯಾಗಿ ಹೇಳಲಾರದು. ಈ ಕೊರತೆಯನ್ನು ನೀಗಿದುದು ವೈಡ್‌ಬ್ಯಾಂಡ್ ಸೆನ್ಸರ್. ೧೯೯೨ರ ಹೋಂಡಾ ಸಿವಿಕ್ ವಿಎಕ್ಸ್ ಅದನ್ನು ಹೊತ್ತು ಬಂದ ಮೊದಮೊದಲಿನ ಕಾರುಗಳಲ್ಲೊಂದು. ಇದರೊಳಗೆ ಎರಡು ಕೋಶಗಳುಂಟು. ಹೊಗೆಯು ಸಣ್ಣ ರಂಧ್ರದಿಂದ ಒಂದು ಕಿರುಕೋಣೆಗೆ ಸೇರುವುದು. ಮೊದಲನೆಯ ಕೋಶವು ಆ ಕೋಣೆಯನ್ನು ಪರೀಕ್ಷಿಸುತ್ತಿರುವುದು. ಎರಡನೆಯದು ಅಲ್ಲಿಯ ಸ್ಥಿತಿಯು ಸಮವಾಗುವ ತನಕ ಆಮ್ಲಜನಕವನ್ನು ಹೊರಕ್ಕೆ ಅಥವಾ ಒಳಕ್ಕೆ ನೂಕುವುದು. ಹೀಗೆ ನೂಕಲು ಬೇಕಾದ ವಿದ್ಯುತ್ಪ್ರವಾಹದ ದಿಕ್ಕೂ ಮೊತ್ತವೂ ಮಿಶ್ರಣದ ಸ್ಥಿತಿಯನ್ನು ತಿಳಿಸುವುವು.

ಇಲ್ಲಿ ವಿಚಾರಿಸತಕ್ಕ ಮುಖ್ಯಾಂಶವಿದೆ. ಸೆನ್ಸರು ಗಾಳಿಯನ್ನೂ ಇಂಧನವನ್ನೂ ತೂಗುವುದಿಲ್ಲ. ಹೊಗೆಯಲ್ಲಿ ಆಮ್ಲಜನಕವು ಎಷ್ಟು ಉಳಿದಿದೆ, ಇಲ್ಲವೆ ಎಷ್ಟು ಕೊರತೆಯಾಗಿದೆ ಎಂಬಷ್ಟಕ್ಕೇ ಅದರ ಸಾಕ್ಷ್ಯ. ಕೊರತೆಯೂ ಹೆಚ್ಚಳವೂ ಇಲ್ಲದ ಸ್ಥಿತಿಗೆ ಲ್ಯಾಂಬ್ಡ ೧ ಎಂದು ಹೆಸರು. ಮೀಟರಿನ ಮೇಲೆ ಕಾಣುವ ೧೪.೭ ಎಂಬುದು ಆ ಸ್ಥಿತಿಯನ್ನು ಶುದ್ಧ ಪೆಟ್ರೋಲಿನ ಗಣನೆಯಲ್ಲಿ ಬರೆದ ಅಂಕಿ. ಎಥನಾಲಿಗೆ ಅದೇ ಸ್ಥಿತಿಯು ೯. ಶೇಕಡಾ ೨೦ ಎಥನಾಲ್ ಬೆರೆತ ಪೆಟ್ರೋಲಿಗೆ ಸುಮಾರು ೧೩.೫. ಈ ಮಿಶ್ರಣವನ್ನು ೨೦೨೩ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಅದರಲ್ಲಿಯ ಎಥನಾಲಿಗೆ ಬಾಗಲಕೋಟೆ ಜಿಲ್ಲೆಯು ಅಪರಿಚಿತವಲ್ಲ. ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಗಳು ಕಬ್ಬಿನಿಂದ ಅದನ್ನು ತಯಾರಿಸುತ್ತಿವೆ.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇಳಕಲ್ಲಿನಲ್ಲಿ ಒಬ್ಬನು, ಹೊಸ ಇಂಧನಕ್ಕೆ ೧೩.೫ ಸರಿಯೆಂದು ಓದಿ, ಪೆಟ್ರೋಲಿನ ಗಣನೆಯ ಮೀಟರಿನಲ್ಲಿ ಆ ಅಂಕಿಯು ಮೂಡುವ ತನಕ ಇಂಧನವನ್ನು ಹೆಚ್ಚಿಸಿದನೆನ್ನೋಣ. ಮೀಟರು ೧೪.೭ ತೋರಿಸುತ್ತಿದ್ದಾಗಲೇ ಮಿಶ್ರಣವು ಸಮವಾಗಿತ್ತು. ಈಗ ಲ್ಯಾಂಬ್ಡವು ಸುಮಾರು ೦.೯೨ಕ್ಕೆ ಇಳಿದು, ನೂರಕ್ಕೆ ಒಂಬತ್ತು ಪಾಲಿನಷ್ಟು ಇಂಧನವು ವ್ಯರ್ಥವಾಗಿ ಹೋಗುವುದು. ಸೆನ್ಸರು ಸುಳ್ಳಾಡಲಿಲ್ಲ, ಓದಿದವನು ಎರಡು ಗಣನೆಗಳನ್ನು ಬೆರಸಿದನು. ರವಿಕೀರ್ತಿಯ ೩೭೩೫ನ್ನು ಶಕವರ್ಷವೆಂದು ಓದಿದಂತೆ ಇದು.

ಸಾಕ್ಷಿಯು ಮೋಸಹೋಗುವ ಸಂದರ್ಭಗಳೂ ಉಂಟು. ಹೊಗೆಕೊಳವೆಯಲ್ಲಿ ಬಿರುಕಿದ್ದರೆ ಹೊರಗಿನ ಗಾಳಿಯು ಸೇರಿ, ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆಯೆಂದು ತೋರುವುದು. ಕಿಡಿ ಹತ್ತದಿದ್ದಾಗ ಉರಿಯದ ಇಂಧನದೊಡನೆ ಉರಿಯದ ಆಮ್ಲಜನಕವೂ ಹೊರಬರುವುದರಿಂದ ಅದೇ ಭ್ರಾಂತಿಯುಂಟಾಗುವುದು. ಶಾಸನದ ಪಾಠಕ್ಕೆ ಮುಂಚೆ ಕಲ್ಲಿನ ಬಿರುಕನ್ನು ನೋಡುವ ಪದ್ಧತಿಯು ಇಲ್ಲಿಯೂ ಸಲ್ಲುವುದು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಕನ್ನಡದಲ್ಲಿ ಈ ಶಾಸ್ತ್ರವನ್ನು ಬರೆಯುವವರೂ ಕಲಿಸುವವರೂ ೧೪.೭ ಎಂಬುದನ್ನು ಒಂಟಿಯಾಗಿ ಬರೆಯಬಾರದು. ಲ್ಯಾಂಬ್ಡವನ್ನು ಹೇಳಬೇಕು, ಇಲ್ಲವೆ ಇಂಧನದ ಹೆಸರನ್ನು ಕೂಡಿಸಬೇಕು. ಒಂದು ಗಣನೆಯ ಹೆಸರು ಮರೆತುಹೋದರೂ ಇನ್ನೊಂದು ಉಳಿಯುವಂತೆ ಮೇಗುತಿಯ ಕವಿಯು ಎರಡನ್ನೂ ಕಲ್ಲಿನಲ್ಲಿ ಬರೆಯಿಸಿದನು. ಹುನಗುಂದ, ಇಳಕಲ್ಲುಗಳ ಹೆದ್ದಾರಿಯಲ್ಲಿ ಓಡುವ ವಾಹನಗಳ ವಿಷಯದಲ್ಲಿ ನಮಗೆ ಅಷ್ಟು ಎಚ್ಚರವಾದರೂ ಇರಬೇಡವೆ?