ಬೌಡ್‌ನಿಂದ ಮೆಗಾಬಿಟ್‌ಗೆ: ಒಂದು ವೇಗದ ಲೆಕ್ಕ

ಮೈಸೂರಿನಿಂದ ಹುಣಸೂರು ರಸ್ತೆಯಲ್ಲಿ ಹೊರಟರೆ ಸಿಗುವ ಹೂಟಗಳ್ಳಿ, ಕಾರ್ಖಾನೆಗಳೂ ಬಡಾವಣೆಗಳೂ ಬೆರೆತು ಬೆಳೆದ ಊರು. 2020ರಲ್ಲಿ ಅದು ನಗರಸಭೆಯೂ ಆಯಿತು. ಇಲ್ಲಿ ಫೈಬರ್ ಸಂಪರ್ಕ ಪಡೆದವರ ಬಿಲ್ಲಿನಲ್ಲಿ ‘100 ಎಂಬಿಪಿಎಸ್’ ಎಂದಿರಬಹುದು. ಆದರೆ ಕಡತವೊಂದನ್ನು ಇಳಿಸಿಕೊಳ್ಳುವಾಗ ಗಣಕದ ಪರದೆ ತೋರಿಸುವುದು ಸುಮಾರು 12. ಉಳಿದ 88 ಎಲ್ಲಿ ಹೋಯಿತು? ಇದಕ್ಕೆ ಉತ್ತರ ಬೇಕಾದರೆ ದೂರವಾಣಿ ತಂತಿಯ ಮೇಲೆ ಮೋಡೆಮ್ ಕಿರುಗುಟ್ಟುತ್ತಿದ್ದ ಕಾಲಕ್ಕೆ ಹೋಗಬೇಕು.

ಗಣಕದ ಸೊನ್ನೆ ಮತ್ತು ಒಂದುಗಳನ್ನು ಧ್ವನಿಯಾಗಿ ಬದಲಿಸಿ ತಂತಿಗೆ ಬಿಡುವುದು, ಬಂದ ಧ್ವನಿಯನ್ನು ಮತ್ತೆ ಅಂಕಿಗಳಾಗಿಸುವುದು ಮೋಡೆಮ್‌ನ ಕೆಲಸ. ಅಮೆರಿಕದಲ್ಲಿ 1962ರಲ್ಲಿ ಬಂದ ‘ಬೆಲ್ 103’ ಸೆಕೆಂಡಿಗೆ 300 ಬಿಟ್‌ಗಳನ್ನು ಸಾಗಿಸುತ್ತಿತ್ತು. ‘ಹೂಟಗಳ್ಳಿ’ ಎಂಬ ಪದಕ್ಕೆ ಇಂದಿನ ಯೂನಿಕೋಡ್‌ನಲ್ಲಿ 8 ಸಂಕೇತಗಳು ಬೇಕು. ಒಂದೊಂದಕ್ಕೆ 3 ಬೈಟ್‌ನಂತೆ ಒಟ್ಟು 24 ಬೈಟ್. ಒಂದು ಬೈಟ್ ಎಂದರೆ 8 ಬಿಟ್. ಜೊತೆಗೆ ತಂತಿಗೆ ಬಿಡುವಾಗ ಪ್ರತಿ ಬೈಟ್‌ನ ಹಿಂದೊಂದು ಮುಂದೊಂದು ಕಾವಲು ಬಿಟ್ ಸೇರಿರುತ್ತಿತ್ತು. ಅಲ್ಲಿಗೆ 240 ಬಿಟ್. ಊರಿನ ಹೆಸರೊಂದನ್ನು ಕಳುಹಿಸಲು ಮುಕ್ಕಾಲು ಸೆಕೆಂಡಿಗೂ ಹೆಚ್ಚು ಹೊತ್ತು! ಆಗ ಯೂನಿಕೋಡ್ ಇರಲಿಲ್ಲ ಎನ್ನುವುದು ಬೇರೆ ಮಾತು.

ಹಳೆಯ ಮೋಡೆಮ್‌ಗಳ ವೇಗವನ್ನು ಬಹಳ ಮಂದಿ ‘ಬೌಡ್’ ಎಂದೇ ಹೇಳುತ್ತಿದ್ದರು. ಫ್ರಾನ್ಸಿನ ತಂತಿಸಂದೇಶ ತಜ್ಞ ಎಮಿಲ್ ಬೋದೊ ಹೆಸರಿನಿಂದ ಬಂದ ಮಾತು ಇದು. ತಂತಿಯಲ್ಲಿ ಸಂಕೇತ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬುದು ಬೌಡ್. ಬೆಲ್ 103ರಲ್ಲಿ ಪ್ರತಿ ಬದಲಾವಣೆಗೂ ಒಂದೇ ಬಿಟ್, ಹಾಗಾಗಿ ಎರಡೂ ಒಂದೇ ಆಗಿತ್ತು. ಮುಂದೆ ಒಂದು ಬದಲಾವಣೆಯಲ್ಲೇ ನಾಲ್ಕು ಬಿಟ್ ತುಂಬುವ ವಿದ್ಯೆ ಕೈಗೂಡಿತು. ‘2400 ಬೌಡ್ ಮೋಡೆಮ್’ ಎಂದು ಜನ ಕರೆಯುತ್ತಿದ್ದ ಪೆಟ್ಟಿಗೆ ನಿಜಕ್ಕೂ 600 ಬೌಡ್‌ನದು. 2400 ಎಂಬುದು ಬಿಟ್‌ಗಳ ಲೆಕ್ಕ. ತಪ್ಪು ಹೆಸರೇ ರೂಢಿಯಾಯಿತು.

ಭಾರತದಲ್ಲಿ ವಿಎಸ್‌ಎನ್‌ಎಲ್ ಸಂಸ್ಥೆ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಡಯಲ್ ಮಾಡಿ ಪಡೆಯುವ ವೇಗ 9.6 ಕಿಲೋಬಿಟ್. ವೈಯಕ್ತಿಕ ಖಾತೆಗೆ 250 ಗಂಟೆಗೆ 5,000 ರೂಪಾಯಿ, ದೂರವಾಣಿ ಕರೆಯ ಖರ್ಚು ಬೇರೆ. ಆ 250 ಗಂಟೆಯೂ ತಂತಿ ಒಮ್ಮೆಯೂ ತಡವರಿಸದೆ ಪೂರ್ಣ ವೇಗದಲ್ಲಿ ಓಡಿತೆಂದೇ ಇಟ್ಟುಕೊಳ್ಳೋಣ. ಆಗಲೂ ಒಟ್ಟು ಬರುತ್ತಿದ್ದುದು 1.08 ಗಿಗಾಬೈಟ್ ಮಾತ್ರ. ಈಗಿನ ಅನೇಕ ಮೊಬೈಲ್ ಯೋಜನೆಗಳು ಒಂದೇ ದಿನಕ್ಕೆ ಅದಕ್ಕಿಂತ ಹೆಚ್ಚು ಕೊಡುತ್ತವೆ. 3 ಮೆಗಾಬೈಟ್‌ನ ಒಂದು ಛಾಯಾಚಿತ್ರಕ್ಕೆ ಆಗ 41 ನಿಮಿಷಕ್ಕೂ ಮೇಲೆ ಬೇಕಿತ್ತು. 100 ಮೆಗಾಬಿಟ್‌ನಲ್ಲಿ ಕಾಲು ಸೆಕೆಂಡೂ ಬೇಡ. ಗಂಟೆಯ ಲೆಕ್ಕದಲ್ಲಿ ಹಣ ಕಟ್ಟುವಾಗ ನಿಧಾನ ಎಂಬುದು ಬರೀ ಬೇಸರದ ವಿಷಯವಾಗಿರಲಿಲ್ಲ, ಜೇಬಿನ ವಿಷಯವಾಗಿತ್ತು.

1998ರಲ್ಲಿ ‘ವಿ.90’ ಎಂಬ ಮಾನದಂಡದೊಂದಿಗೆ 56 ಕಿಲೋಬಿಟ್ ಬಂತು. ಡಯಲ್-ಅಪ್ ಅಲ್ಲಿಗೆ ನಿಂತುಬಿಟ್ಟಿತು. ಕಾರಣ ದೂರವಾಣಿ ವಿನಿಮಯ ಕೇಂದ್ರದೊಳಗಿದೆ. ಡಿಜಿಟಲ್ ವಿನಿಮಯ ಕೇಂದ್ರವು ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದಿಡುತ್ತದೆ. ಅಂದರೆ ಒಂದು ಮಾತಿನ ದಾರಿಗೆ 64 ಕಿಲೋಬಿಟ್. ಅದರಲ್ಲಿ 7 ಬಿಟ್‌ಗಳನ್ನಷ್ಟೇ ನೆಚ್ಚಿದರೆ ಸಿಗುವುದು 56. ಸಿ-ಡಾಟ್ ರೂಪಿಸಿದ ಗ್ರಾಮೀಣ ಡಿಜಿಟಲ್ ವಿನಿಮಯ ಕೇಂದ್ರ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲೇ, 1986ರಲ್ಲಿ.

ಈ 64 ಒಂದು ಮೂಲ ಅಳತೆಯಾಗಿಯೇ ಉಳಿಯಿತು. 1991ರಲ್ಲಿ ಸ್ಥಾಪನೆಯಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆ ಬೆಂಗಳೂರಿನ ರಫ್ತುದಾರರಿಗೆ ಉಪಗ್ರಹದ ಮೂಲಕ ಕೊಟ್ಟದ್ದು 64 ಕಿಲೋಬಿಟ್‌ನ ಸಂಪರ್ಕಗಳನ್ನು. ಇಡೀ ಕಂಪನಿಯ ವ್ಯವಹಾರ ಒಂದು ದೂರವಾಣಿ ಮಾತಿನಷ್ಟು ದಾರಿಯಲ್ಲಿ ಸಾಗಬೇಕಿತ್ತು! ಅದೇ ಸಂಸ್ಥೆಯ ಕೇಂದ್ರ 1998ರಲ್ಲಿ ಮೈಸೂರಿಗೂ ಬಂತು. 30 ಮಾತುಗಳನ್ನು ಒಟ್ಟಿಗೆ ಒಯ್ಯುವ ‘ಇ-1’ ತಂತಿಯ ವೇಗ 2.048 ಮೆಗಾಬಿಟ್. ಅದರಲ್ಲಿ 64ರ 32 ಪಾಲುಗಳಿವೆ, ಎರಡು ಪಾಲು ಮೇಲ್ವಿಚಾರಣೆಗೆ ಮೀಸಲು.

ಸರ್ಕಾರ 2004ರಲ್ಲಿ ಬ್ರಾಡ್‌ಬ್ಯಾಂಡ್ ಎಂದರೇನೆಂದು ಹೇಳುವಾಗ ಕನಿಷ್ಠ 256 ಕಿಲೋಬಿಟ್ ಎಂದಿತು; ನಾಲ್ಕು ಮಾತಿನ ದಾರಿ. 2013ರಲ್ಲಿ ಅದು 512 ಆಯಿತು, 2023ರಲ್ಲಿ 2 ಮೆಗಾಬಿಟ್. ಹಿಂದೆ ಕಂಪನಿಗಳಷ್ಟೇ ಬಾಡಿಗೆಗೆ ಹಿಡಿಯುತ್ತಿದ್ದ ಇ-1 ತಂತಿಯ ವೇಗ ಈಗ ಮನೆಯ ಕನಿಷ್ಠ.

ಇನ್ನು ಬಿಲ್ಲಿನ 100ರ ಮಾತು. ದೂರಸಂಪರ್ಕದವರು ತಂತಿಯನ್ನು ಅಂದಿನಿಂದಲೂ ಬಿಟ್‌ಗಳಲ್ಲಿ ಅಳೆಯುತ್ತಾರೆ, ಗಣಕದವರು ಕಡತವನ್ನು ಬೈಟ್‌ಗಳಲ್ಲಿ ಅಳೆಯುತ್ತಾರೆ. ಇಂಗ್ಲಿಷಿನಲ್ಲಿ ಒಂದಕ್ಕೆ ಚಿಕ್ಕ ಬಿ, ಇನ್ನೊಂದಕ್ಕೆ ದೊಡ್ಡ ಬಿ. ಕನ್ನಡದಲ್ಲಿ ಬರೆದರೆ ಆ ವ್ಯತ್ಯಾಸವೂ ಕಾಣದು. 100ನ್ನು 8ರಿಂದ ಭಾಗಿಸಿದರೆ 12.5. ಪರದೆಯ ಮೇಲೆ 12 ಕಂಡರೆ ಸಂಪರ್ಕ ಸರಿಯಾಗಿದೆ ಎಂದರ್ಥ. ಯಾವಾಗ ನೋಡಿದರೂ 2, 3 ಎಂದೇ ಕಾಣುತ್ತಿದ್ದರೆ ಮಾತ್ರ ಬಿಲ್ಲು ಹಿಡಿದು ಕೇಳಲು ಹೋಗಬಹುದು.